ಬಯಲಾಟಕ್ಕೆ ಫ್ಲಾಶ್ ಏಕೆ ಬೇಡ?

ಯಕ್ಷಗಾನ ಬಯಲಾಟದಲ್ಲಿ ಹಿಂದೆ ಕುಳಿತು ಫ್ಲಾಶ್ ಬಳಸಿ ಫೋಟೊ ತೆಗೆದಿದ್ದೀರಾ? ಮುಂದಿನವರ ತಲೆಗಳು ಬೆಳ್ಳಗೆ ಮೂಡಿ, ವೇಷಧಾರಿ ಕತ್ತಲಲ್ಲೇ ಉಳಿದಿರುತ್ತಾನೆ. ಇದು ಕ್ಯಾಮೆರಾದ ದೋಷವಲ್ಲ. ಫ್ಲಾಶಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 2 ಮೀಟರ್ ದೂರದ ತಲೆಯ ಮೇಲೆ ಬೀಳುವ ಬೆಳಕಿನ 1/25 ಭಾಗ ಮಾತ್ರ 10 ಮೀಟರ್ ದೂರದ ಕಿರೀಟಕ್ಕೆ ಸಿಗುತ್ತದೆ. ಜೊತೆಗೆ, ಫ್ಲಾಶನ್ನು ನಂಬಿದ ಕ್ಯಾಮೆರಾ ಸಾಮಾನ್ಯವಾಗಿ ಷಟರನ್ನು ಬೇಗ ಮುಚ್ಚುವುದರಿಂದ ರಂಗಸ್ಥಳದ ದೀಪಗಳೂ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲಿನ ಎಲ್‌ಇಡಿಯಂತೂ ಇನ್ನೂ ದುರ್ಬಲ.

ಆದ್ದರಿಂದ ಫ್ಲಾಶ್ ಆರಿಸಿ. ಐಎಸ್‌ಒ 1600ಕ್ಕೆ ಏರಿಸಿ, ದ್ಯುತಿರಂಧ್ರವನ್ನು ಪೂರ್ಣ ತೆರೆಯಿರಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು). ಕುಣಿತಕ್ಕೆ ಷಟರ್ ವೇಗ 1/250 ಸೆಕೆಂಡಾದರೂ ಬೇಕು. ಕುಳಿತು ಹಾಡುವ ಭಾಗವತರಿಗೆ 1/60 ಸಾಕು. ಟ್ರೈಪಾಡ್ ನಿಮ್ಮ ಕೈನಡುಕವನ್ನು ತಡೆದೀತು, ಕುಣಿಯುವ ಕಾಲನ್ನಲ್ಲ! ಚಿತ್ರ ತುಸು ಕಣಕಣವಾಗಿ ಕಂಡರೆ ಚಿಂತೆಯಿಲ್ಲ.

ನಿಜವಾದ ನಷ್ಟ ಬೇರೆಡೆ ಇದೆ. ಬೆಳಕುಮಾಪಕ ಇಡೀ ಚೌಕಟ್ಟಿನ ಸರಾಸರಿಯನ್ನು ನೋಡುತ್ತದೆ. ಸುತ್ತಲೂ ಕತ್ತಲಿದ್ದರೆ ಅದು ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಆಗ ತೆಂಕುತಿಟ್ಟಿನ ಬಣ್ಣದ ವೇಷದ ಮುಖದಲ್ಲಿ ಗಂಟೆಗಟ್ಟಲೆ ಕುಳಿತು ಇಟ್ಟ ಅಕ್ಕಿಹಿಟ್ಟಿನ ಚಿಟ್ಟಿ ಬರೀ ಬಿಳಿ ಮುದ್ದೆಯಾಗುತ್ತದೆ. ಈ ವಿವರವನ್ನು ಆಮೇಲೆ ಕಂಪ್ಯೂಟರಿನಲ್ಲೂ ಮರಳಿ ಪಡೆಯಲಾಗದು. ಎಕ್ಸ್‌ಪೋಷರನ್ನು −1ಕ್ಕೆ ಇಳಿಸಿ. ಬಹುತೇಕ ಮೊಬೈಲುಗಳಲ್ಲಿ ಪರದೆಯ ಮೇಲೆ ಮುಖವನ್ನು ಮುಟ್ಟಿ, ಆಗ ಕಾಣುವ ಸೂರ್ಯನ ಗುರುತನ್ನು ಕೆಳಗೆ ಜಾರಿಸಬಹುದು. ಚಿಟ್ಟಿಯ ಚುಕ್ಕೆಗಳು ಒಂದೊಂದಾಗಿ ಕಾಣುವವರೆಗೆ ಜಾರಿಸಿ.