ದೀಪಾವಳಿ ರಾತ್ರಿಯ ಫೋಟೊ: ಮುಖ ಅರ್ಧ ಕಿತ್ತಳೆ, ಅರ್ಧ ನೀಲಿ ಬರುವುದೇಕೆ?

ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಒಂದೆಡೆ ಸೇರುವ ಹಬ್ಬ ದೀಪಾವಳಿ. ಅಜ್ಜಿ ಹೊಸ್ತಿಲ ಬಳಿ ಹಣತೆ ಹಚ್ಚುತ್ತಾರೆ, ಮೊಮ್ಮಗ ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾನೆ. ಆದರೆ ಕಣ್ಣಿಗೆ ಕಂಡ ಚೆಂದ ಫೋಟೊದಲ್ಲಿ ಇರುವುದಿಲ್ಲ. ಅಜ್ಜಿಯ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಮೊಬೈಲ್ ಸರಿಯಿಲ್ಲ ಎಂದು ದೂರುವವರೇ ಹೆಚ್ಚು. ದುಬಾರಿ ಕ್ಯಾಮೆರಾದಲ್ಲೂ ಹೀಗಾಗುತ್ತದೆ. ಕಾರಣ, ಮುಖದ ಮೇಲೆ ಒಟ್ಟಿಗೇ ಬೀಳುವ ಎರಡು ಬಗೆಯ ಬೆಳಕು.

ಬೆಳಕಿಗೂ ಬಣ್ಣವಿದೆ

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಣತೆಯ ಬೆಳಕು ಸುಮಾರು 1,900 ಕೆಲ್ವಿನ್, ಹಳೆಯ ಹಳದಿ ಬಲ್ಬಿನದು ಸುಮಾರು 2,700. ಮನೆಗಳಲ್ಲಿ ಸಾಮಾನ್ಯವಾಗಿರುವ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ 6,500 ಕೆಲ್ವಿನ್. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪು-ಹಳದಿ, ಹೆಚ್ಚಾದಷ್ಟೂ ನೀಲಿ.

ನಮ್ಮ ಮಿದುಳು ಈ ವ್ಯತ್ಯಾಸವನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಆ ಕೆಲಸ ಮಾಡುವುದು 'ವೈಟ್ ಬ್ಯಾಲೆನ್ಸ್'. ಆದರೆ ಅದು ಸಾಮಾನ್ಯವಾಗಿ ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಹಾಕುತ್ತದೆ. ಹಣತೆಗೆ ಹೊಂದಿಸಿದರೆ ಟ್ಯೂಬ್‌ಲೈಟ್ ಬಿದ್ದ ಕಡೆ ನೀಲಿ. ಟ್ಯೂಬ್‌ಲೈಟ್‌ಗೆ ಹೊಂದಿಸಿದರೆ ಹಣತೆಯ ಕಡೆ ಕಡು ಕಿತ್ತಳೆ.

ಬೀದಿದೀಪದ ತೊಡಕೇ ಬೇರೆ

ಹಳೆಯ ಸೋಡಿಯಂ ಬೀದಿದೀಪದ ಬೆಳಕಿನಲ್ಲಿ ಹಳದಿ ಬಿಟ್ಟರೆ ಉಳಿದ ಬಣ್ಣಗಳು ತೀರಾ ಕಡಿಮೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಆ್ಯಪ್ ಕೂಡ ಮರಳಿ ತರಲಾರದು. 2015ರಲ್ಲಿ ಆರಂಭವಾದ ಕೇಂದ್ರದ ಬೀದಿದೀಪ ಯೋಜನೆಯಿಂದ ಅನೇಕ ನಗರಗಳಿಗೆ ಎಲ್‌ಇಡಿ ಬಂತು. ಅದೇ ವರ್ಷ ಮುಂಬೈನ ಮರೀನ್ ಡ್ರೈವ್‌ನಲ್ಲಿ ಹಳದಿ ದೀಪ ಹೋಗಿ ಬಿಳಿ ದೀಪ ಬಂದಾಗ ಜನ ಆಕ್ಷೇಪಿಸಿದ್ದರು. ಎರಡೂ ಬಗೆಯ ದೀಪಗಳಿರುವ ರಸ್ತೆಯಲ್ಲಿ ಫೋಟೊ ತೆಗೆಯುವಾಗ ಎಲ್‌ಇಡಿ ದೀಪದ ಕಡೆಗೆ ಸರಿದು ನಿಲ್ಲುವುದು ಲೇಸು.

ಮುಖಕ್ಕೆ ಒಂದೇ ಬೆಳಕು

ಪರಿಹಾರ ಸೆಟ್ಟಿಂಗ್‌ನಲ್ಲಿ ಹುಡುಕುವುದಕ್ಕಿಂತ ಮೊದಲು ಬೆಳಕಿನಲ್ಲೇ ಹುಡುಕಬೇಕು.

* ಹಣತೆಯ ಫೋಟೊ ಬೇಕಿದ್ದರೆ ಟ್ಯೂಬ್‌ಲೈಟ್ ಆರಿಸಿ. ಆರಿಸಲು ಆಗದಿದ್ದರೆ ಅದು ಬೆನ್ನ ಹಿಂದೆ ಬರುವಂತೆ ವ್ಯಕ್ತಿಯನ್ನು ತಿರುಗಿಸಿ ನಿಲ್ಲಿಸಿ. ಬಣ್ಣದ ಸೀರಿಯಲ್ ಲೈಟ್‌ಗಳೂ ಹಿನ್ನೆಲೆಯಲ್ಲೇ ಇರಲಿ.
* ಒಂದೇ ಹಣತೆಯ ಬೆಳಕು ಸಾಲದು. ಹತ್ತು-ಹನ್ನೆರಡು ಹಣತೆಗಳನ್ನು ತಟ್ಟೆಯಲ್ಲಿಟ್ಟು ಹತ್ತಿರ ತನ್ನಿ. ದೂರ ಅರ್ಧವಾದರೆ ಮುಖದ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಸೆರಗು, ಕೂದಲಿನ ಬಗ್ಗೆ ಎಚ್ಚರ.
* ತಟ್ಟೆ ನೆಲದ ಮೇಲಿದ್ದರೆ ಬೆಳಕು ಕೆಳಗಿನಿಂದ ಬಿದ್ದು ಮುಖ ವಿಕಾರವಾಗಿ ಕಾಣುತ್ತದೆ. ಎದೆಯ ಎತ್ತರಕ್ಕೆ ಸ್ಟೂಲ್ ಮೇಲಿಡಿ.
* ನೈಟ್ ಮೋಡ್ ಹಲವು ಚಿತ್ರಗಳನ್ನು ತೆಗೆದು ಒಂದಾಗಿಸುತ್ತದೆ. ಕುಳಿತ ಹಿರಿಯರಿಗೆ ಇದು ಸರಿ, ಓಡಾಡುವ ಮಕ್ಕಳಿಗಲ್ಲ. ಮೊಬೈಲನ್ನು ಯಾವುದಕ್ಕಾದರೂ ಆನಿಸಿ ಹಿಡಿಯಿರಿ.
* ಫ್ಲ್ಯಾಶ್ ಮತ್ತೊಂದು ಬಿಳಿ ಬೆಳಕನ್ನು ಸೇರಿಸುತ್ತದೆ, ಆಫ್ ಮಾಡಿ. ಕ್ಯಾಮೆರಾದ ಫ್ಲ್ಯಾಶ್ ಬಳಸಲೇಬೇಕಿದ್ದರೆ ಅದಕ್ಕೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿದರೆ ಹಣತೆಯ ಬಣ್ಣಕ್ಕೆ ಹತ್ತಿರವಾಗುತ್ತದೆ.
* ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆ ಬರುತ್ತಿದೆಯೇ? ಭಾರತದ ವಿದ್ಯುತ್ 50 ಹರ್ಟ್ಸ್‌ನದು. ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಸಾಮಾನ್ಯವಾಗಿ ಮಾಯವಾಗುತ್ತದೆ.

ತೆಗೆದ ಮೇಲೆ

ಸಾಧ್ಯವಿದ್ದರೆ ರಾ ಮಾದರಿಯಲ್ಲಿ ಫೋಟೊ ತೆಗೆಯಿರಿ. ಬಣ್ಣವನ್ನು ಆಮೇಲೆ ತಿದ್ದುವುದು ಸುಲಭ. ತಿದ್ದುವಾಗ ಹಿನ್ನೆಲೆಯನ್ನಲ್ಲ, ಮುಖದ ಬಣ್ಣವನ್ನು ನೋಡಿ. ಯಾವುದಕ್ಕೂ ಬಗ್ಗದ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ ಬಣ್ಣದ ಜಗಳವೇ ಮುಗಿಯುತ್ತದೆ, ಅಜ್ಜಿಯ ನಗು ಉಳಿಯುತ್ತದೆ.

ಹಣತೆಯ ಹಳದಿಯನ್ನು ಪೂರ್ತಿ ತೆಗೆದುಹಾಕುವುದು ಮಾತ್ರ ಬೇಡ. ಸ್ವಲ್ಪ ಹೊಂಬಣ್ಣ ಉಳಿದರೇನೇ ಅದು ದೀಪಾವಳಿಯ ರಾತ್ರಿ ಎಂದು ಗೊತ್ತಾಗುವುದು.