ಏರಿಸಿದ ಕೈಯೇ ಇಳಿಸಿತು

ವರಮಾನ ಏರಿದಂತೆ ತೆರಿಗೆಯ ದರವೂ ಏರಬೇಕು, ಉಳ್ಳವರು ಹೆಚ್ಚು ತೆರಬೇಕು. ಈ ನೀತಿಯನ್ನು ನಮ್ಮ ದೇಶದಲ್ಲಿ ತುತ್ತತುದಿಗೆ ಒಯ್ದುದು ಇಂದಿರಾ ಗಾಂಧಿಯವರ ಸರಕಾರ. ಅಲ್ಲಿಂದ ಕೆಳಗಿಳಿಸಿದ್ದೂ ಅದೇ ಸರಕಾರ.

1969ರಲ್ಲಿ ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ತೆಗೆದುಕೊಂಡ ಪ್ರಧಾನಿ, 1970ರ ಮುಂಗಡಪತ್ರವನ್ನು ತಾವೇ ಮಂಡಿಸಿದರು. ಎರಡು ಲಕ್ಷ ರೂಪಾಯಿ ಮೀರಿದ ವರಮಾನದ ಮೇಲೆ ಸರ್ಚಾರ್ಜು ಸೇರಿ ಶೇಕಡಾ 93.5 ತೆರಿಗೆ ಬಿತ್ತು. ವೈ. ಬಿ. ಚವಾಣರು ಅರ್ಥಸಚಿವರಾಗಿದ್ದಾಗ ಅದು 97.75ಕ್ಕೇರಿತು. ಎರಡು ಲಕ್ಷದಾಚೆ ಗಳಿಸಿದ ಪ್ರತಿ ನೂರರಲ್ಲಿ ಉಳಿಯುವುದು ಬರೇ ಎರಡೂಕಾಲು ರೂಪಾಯಿ!

ಪ್ರಾಮಾಣಿಕವಾಗಿ ಅಷ್ಟನ್ನು ಕಟ್ಟಿದವರೆಷ್ಟು ಮಂದಿ? ವಿಪರೀತ ದರವೇ ತೆರಿಗೆಗಳ್ಳತನಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ವಾಂಛೂ ಸಮಿತಿ 1971ರಲ್ಲಿ ಹೇಳಿತು. 1974ರಲ್ಲಿ ಗರಿಷ್ಠ ದರ 77ಕ್ಕೂ, ತುರ್ತುಪರಿಸ್ಥಿತಿಯ ನಡುವೆ 1976ರಲ್ಲಿ ಸಿ. ಸುಬ್ರಹ್ಮಣ್ಯಂ ಅವರ ಮುಂಗಡಪತ್ರದಲ್ಲಿ 66ಕ್ಕೂ ಇಳಿಯಿತು.

ತಪ್ಪನ್ನು ತಿದ್ದಿಕೊಂಡುದು ತಪ್ಪಲ್ಲ. ಆದರೆ ಈ ಏರಿಳಿತದಲ್ಲಿ ಬಡವನಿಗೆ ದೊರೆತುದೇನು? ಆಗ ಕೇಂದ್ರದ ತೆರಿಗೆ ಹುಟ್ಟುವಳಿಯ ದೊಡ್ಡ ಪಾಲು ಬರುತ್ತಿದ್ದುದು ಅಬಕಾರಿ ಸುಂಕ, ಆಮದು ಸುಂಕಗಳಿಂದ. ಬೆಂಕಿಪೆಟ್ಟಿಗೆ, ಸಕ್ಕರೆ, ಸೀಮೆಎಣ್ಣೆ ಕೊಂಡವನು ಬೆಲೆಯೊಳಗೇ ತೆರಿಗೆ ತೆತ್ತ. ಲೆಕ್ಕ ಬಚ್ಚಿಡುವ ದಾರಿ ಅವನಿಗಿರಲಿಲ್ಲ.

ಧನಿಕರ ಮೇಲೆ ಎಷ್ಟು ತೆರಿಗೆ ಹಾಕಿದೆವೆಂದು ಹೇಳುವ ನಾಯಕರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅದರಲ್ಲಿ ಬೊಕ್ಕಸಕ್ಕೆ ಬಂದುದೆಷ್ಟು?