ತೂಕಕ್ಕೆ ಬಿದ್ದ ಮರ

ಕುಡುಗೋಲಿನಂತೆ ಬಾಗಿದ ಎಲೆ ಬಿಟ್ಟು ಮಲೆನಾಡಿನ ರಸ್ತೆಬದಿಯಲ್ಲಿ ನಿಂತಿರುವ ಅಕೇಶಿಯಾ ನಮಗೆ ಗೊತ್ತಿರುವ ಮರವೇ. ಆರಿಕ್ಯುಲಿಫಾರ್ಮಿಸ್ ಎಂಬ ಆ ಜಾತಿಗೂ ಅದರ ದಾಯಾದಿಯಾದ ಮ್ಯಾಂಜಿಯಂಗೂ ಹುಟ್ಟಿದ ಮಿಶ್ರತಳಿ ಇಂದು ವಿಯೆಟ್ನಾಮಿನ ಗುಡ್ಡಗಳನ್ನು ತುಂಬಿಕೊಂಡಿದೆ. ಅಲ್ಲಿ ಅಕೇಶಿಯಾ ನೆಡುತೋಪುಗಳ ವಿಸ್ತಾರ ಸುಮಾರು 20 ಲಕ್ಷ ಹೆಕ್ಟೇರು, ಅದರಲ್ಲಿ ದೊಡ್ಡ ಪಾಲು ಒಂದೆರಡು ಹೆಕ್ಟೇರಿನ ಸಣ್ಣ ಹಿಡುವಳಿದಾರರದು. ಐದರಿಂದ ಏಳು ವರ್ಷಕ್ಕೆ ಮರ ಉರುಳುತ್ತದೆ, ಚಕ್ಕೆಯಾಗುತ್ತದೆ, ಹಡಗು ಹತ್ತಿ ಚೀನಾಕ್ಕೋ ಜಪಾನಿಗೋ ಹೋಗಿ ಕಾಗದವಾಗುತ್ತದೆ. ನೀರಿನ ತೂಕ ಕಳೆದು ಲೆಕ್ಕ ಹಾಕಿದರೂ ವರ್ಷಕ್ಕೆ ಒಂದು ಕೋಟಿ ಟನ್ನಿಗೆ ಕಡಿಮೆಯಿಲ್ಲದ ಸರಕು ಇದು. ಮರದ ಚಕ್ಕೆಯ ರಫ್ತಿನಲ್ಲಿ ವಿಯೆಟ್ನಾಂ ಪ್ರಪಂಚಕ್ಕೇ ಮೊದಲು. ಮರವನ್ನು ಹೀಗೆ ಎಳೆಯದರಲ್ಲೇ ಕೊಚ್ಚಿ ಕಳಿಸುವುದನ್ನು ಕೆಲವರು ಅವಸರವೆಂದೂ ಕೆಲವರು ದುರಾಸೆಯೆಂದೂ ಕರೆಯುತ್ತಾರೆ. ಚಕ್ಕೆ ಹೇಗೆ ತಯಾರಾಗುತ್ತದೆ, ಅದಕ್ಕೆ ದುಡ್ಡು ಹೇಗೆ ಸಲ್ಲುತ್ತದೆ ಎಂಬುದನ್ನು ನೋಡಿದರೆ ತಪ್ಪು ರೈತನ ಸ್ವಭಾವದಲ್ಲಿಲ್ಲ, ಅಳತೆಗೋಲಿನಲ್ಲಿದೆ ಎನ್ನಿಸುತ್ತದೆ.

ಕೆಲಸ ಶುರುವಾಗುವುದು ಗುಡ್ಡದ ಮೇಲೆ. ಯಂತ್ರದ ಗರಗಸದಿಂದ ಮರ ಉರುಳಿಸಿ, ಕೊಂಬೆ ಸವರಿ, ಲಾರಿಗೆ ಒಗ್ಗುವ ಉದ್ದಕ್ಕೆ ದಿಮ್ಮಿ ತುಂಡರಿಸುತ್ತಾರೆ. ಕೂಡಲೇ ತೊಗಟೆ ಸುಲಿಯಬೇಕು. ಹಸಿ ಇದ್ದಾಗ ಅದು ಬಾಳೆಪಟ್ಟೆಯಂತೆ ಬಿಚ್ಚಿಕೊಳ್ಳುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ದಿಮ್ಮಿಗೇ ಕಚ್ಚಿಕೊಳ್ಳುತ್ತದೆ. ಆಸ್ಟ್ರೇಲಿಯಾದ ನೀಲಗಿರಿ ತೋಪುಗಳಲ್ಲಿ ಈ ಸುಲಿತವನ್ನು ಮಾಡುವುದು ಕಟಾವು ಯಂತ್ರದ ಉರುಳೆಗಳು ಅಥವಾ ಚಾಟಿಯಂತೆ ಬೀಸುವ ಸರಪಳಿಗಳು. ವಿಯೆಟ್ನಾಮಿನ ಕಡಿದಾದ ಇಳಿಜಾರಿನಲ್ಲಿ ಹೆಚ್ಚಾಗಿ ಮನುಷ್ಯರ ಕೈ ಮತ್ತು ಕತ್ತಿ. ತೊಗಟೆ ಚಕ್ಕೆಯೊಳಗೆ ಸೇರಿತೋ, ಅದು ರಾಸಾಯನಿಕವನ್ನು ಕುಡಿಯುತ್ತದೆ, ಬೆಳ್ಳನೆ ಕಾಗದದಲ್ಲಿ ಕಪ್ಪು ಚುಕ್ಕಿಯಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಖರೀದಿದಾರರು ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೊಗಟೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸುಲಿದ ತೊಗಟೆ ತೋಪಿನಲ್ಲೇ ಉಳಿದರೆ ಒಳ್ಳೆಯದು ಕೂಡ, ಮರ ಮಣ್ಣಿನಿಂದ ಎಳೆದುಕೊಂಡ ಸುಣ್ಣದಂಶದ ದೊಡ್ಡ ಪಾಲು ಇರುವುದು ಅದರಲ್ಲೇ.

ದಿಮ್ಮಿ ಬಂದರಿನ ಬಳಿಯ ಗಿರಣಿಗೆ ಬಂದು ವೇಬ್ರಿಡ್ಜ್ ಏರುತ್ತದೆ, ತೂಕವಾಗುತ್ತದೆ, ಯಂತ್ರದ ಬಾಯಿಗೆ ಹೋಗುತ್ತದೆ. ಆ ಯಂತ್ರವೆಂದರೆ ಮೂಲತಃ ಕೊಬ್ಬರಿ ತುರಿಯುವ ಮಣೆಯ ಭೀಮರೂಪ: ಗಿರಗಿರನೆ ತಿರುಗುವ ಉಕ್ಕಿನ ದಪ್ಪ ತಟ್ಟೆ, ಅದರ ಮೈಯಲ್ಲಿ ಅಲಗುಗಳು, ಓರೆಯಾದ ಕೊಳವೆಯಿಂದ ಜಾರಿ ಬರುವ ದಿಮ್ಮಿ. ಅಲಗು ಎಷ್ಟು ಹೊರಚಾಚಿದೆ ಎನ್ನುವುದರ ಮೇಲೆ ಚಕ್ಕೆಯ ಉದ್ದ ನಿಲ್ಲುತ್ತದೆ. ಹದವಾದ ಚಕ್ಕೆ ಸುಮಾರು 20ರಿಂದ 25 ಮಿಲಿಮೀಟರ್ ಉದ್ದ, ನಾಲ್ಕೈದು ಮಿಲಿಮೀಟರ್ ದಪ್ಪ. ಅಲಗು ಮೊಂಡಾದರೆ ಮರ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ, ಹುಡಿ ಹೆಚ್ಚುತ್ತದೆ. ಆದ್ದರಿಂದ ಅಲಗು ಬದಲಿಸುವುದೇ ಗಿರಣಿಯ ನಿತ್ಯಕರ್ಮ. ಆಮೇಲೆ ಜರಡಿ. ದಪ್ಪದ್ದು ಮತ್ತೆ ಯಂತ್ರಕ್ಕೆ, ಹುಡಿ ಉರುವಲಿಗೆ, ನಡುವಿನದು ರಾಶಿಗೆ. ಮನೆಯಲ್ಲಿ ರವೆ ಜರಡಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಮರದ ತುಂಡಿನ ದಪ್ಪದ ಬಗ್ಗೆ ಇಷ್ಟು ಮಡಿ ಯಾಕೆ? ಕಾಗದದ ಕಾರ್ಖಾನೆಯಲ್ಲಿ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ 160–170 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒತ್ತಡದಡಿ ಬೇಯಿಸುತ್ತಾರೆ. ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಕರಗಬೇಕು, ನಾರು ಉಳಿಯಬೇಕು. ಚಕ್ಕೆ ದಪ್ಪವಿದ್ದರೆ ಹೊರಗೆ ಬೆಂದು ನಡುವೆ ಹಸಿಯಾಗಿ ಉಳಿಯುತ್ತದೆ. ತೀರಾ ಸಣ್ಣದಾದರೆ ಬೆಂದು ಕರಗಿಯೇ ಹೋಗುತ್ತದೆ, ದ್ರಾವಣ ಹರಿಯುವ ದಾರಿಯನ್ನೂ ಕಟ್ಟುತ್ತದೆ. ಒಂದೇ ಪಾತ್ರೆಯಲ್ಲಿ ಉಂಡೆ ಆಲೂಗೆಡ್ಡೆಯನ್ನೂ ತುರಿದ ಆಲೂಗೆಡ್ಡೆಯನ್ನೂ ಬೇಯಿಸಿದ ಹಾಗೆ. ಬೇಕಿರುವುದು ಸಮನಾದ ಚಕ್ಕೆ, ಸಮನಾದ ಮರವಲ್ಲ. ಅಕೇಶಿಯಾದ ನಾರಿನ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಮುದ್ರಣದ ಕಾಗದಕ್ಕೆ, ಟಿಶ್ಯೂಗೆ ಈ ಗಿಡ್ಡ ನಾರು ಹೇಳಿ ಮಾಡಿಸಿದ್ದು. ಅದು ನೆಟ್ಟಗೆ ಬೆಳೆದ ಮರದ್ದೋ ಸೊಟ್ಟ ಕೊಂಬೆಯದ್ದೋ ಎಂದು ಬೇಯಿಸುವ ಹಂಡೆ ಕೇಳುವುದಿಲ್ಲ.

ಹಾಗಾಗಿ ಅದನ್ನು ಕೇಳುವ ಅಗತ್ಯ ಗಿರಣಿಯವನಿಗೂ ಇಲ್ಲ. ನನ್ನ ವಾದ ನಿಂತಿರುವುದು ಇಲ್ಲಿ. ನಾಟಾ ವ್ಯಾಪಾರದಲ್ಲಿ ದಿಮ್ಮಿಯ ಸುತ್ತಳತೆ ಹೆಚ್ಚಿದಂತೆ ಟನ್ನಿನ ದರವೂ ಏರುತ್ತದೆ, ಏಕೆಂದರೆ ದಪ್ಪ ದಿಮ್ಮಿಯಲ್ಲಿ ಹಲಗೆ ಹೆಚ್ಚು, ನಷ್ಟ ಕಡಿಮೆ. ಚಕ್ಕೆಯ ವ್ಯಾಪಾರದಲ್ಲಿ ದಿಮ್ಮಿ ಗೇಣುದ್ದ ಅಡ್ಡಗಲದ್ದಾಗಲಿ, ತೋಳಿನಷ್ಟೇ ದಪ್ಪದ್ದಾಗಲಿ, ಟನ್ನಿಗೆ ಸಿಗುವುದು ಹೆಚ್ಚುಕಡಿಮೆ ಒಂದೇ ದರ. ಐದನೇ ವರ್ಷದಿಂದ ಹತ್ತನೇ ವರ್ಷದವರೆಗೆ ಮರ ದಪ್ಪವಾಗುತ್ತಾ ಹೋಗುವುದಕ್ಕೆ ಅಲ್ಲಿ ಪ್ರತ್ಯೇಕ ಬೆಲೆಯೇ ಇಲ್ಲ, ತೂಕ ಏರಿದ್ದಷ್ಟಕ್ಕೇ ಹಣ. ಆ ತೂಕದಲ್ಲೂ ಒಂದು ಸೂಕ್ಷ್ಮವಿದೆ. ಆಗತಾನೆ ಕಡಿದ ಮರದಲ್ಲಿ ಅರ್ಧದಷ್ಟು ನೀರೇ. ವಿದೇಶಿ ಖರೀದಿದಾರ ನೀರಿಗೆ ದುಡ್ಡು ಕೊಡುವುದಿಲ್ಲ. ಮಾದರಿ ಚಕ್ಕೆಯನ್ನು 105 ಡಿಗ್ರಿಯ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಉಳಿದದ್ದಕ್ಕಷ್ಟೇ ಲೆಕ್ಕ. ರೈತನಿಗಾದರೋ ಹಸಿ ತೂಕದ ದರ. ಅಡಿಕೆ, ಕಾಫಿ ಮಾರುವವರಿಗೆ ತೇವಾಂಶದ ಈ ಜಗ್ಗಾಟ ಹೊಸದಲ್ಲ: ಎರಡು ಅಳತೆಗಳ ನಡುವೆ ಇರುವ ಲಾಭ ನಷ್ಟವೆಲ್ಲ ನಡುವೆ ನಿಂತವರದು. ಹಡಗಿನ ಗುಣವೂ ಗಾತ್ರ ಕೇಳದ ಈ ಲೆಕ್ಕದ ಕಡೆಗೇ ತಳ್ಳುತ್ತದೆ. ಒಂದು ಘನಮೀಟರ್ ಗಟ್ಟಿ ಮರವನ್ನು ಕೊಚ್ಚಿದರೆ ಎರಡೂವರೆ ಘನಮೀಟರಿಗೂ ಮಿಕ್ಕ ಸಡಿಲ ರಾಶಿಯಾಗುತ್ತದೆ. ಇಷ್ಟು ಉಬ್ಬಿದ, ಅಗ್ಗದ ಸರಕನ್ನು ಸಾಗಿಸಬೇಕಾದರೆ ಆಳ ಹೊಟ್ಟೆಯ ವಿಶೇಷ ಹಡಗೇ ಬೇಕು. ಕಡಲಾಚೆಯ ಬಂದರಿನಲ್ಲಿ ಇಳಿಸುವ ಕ್ರೇನನ್ನೂ ಅದೇ ಹೊತ್ತೊಯ್ಯುತ್ತದೆ. ಒಂದೇ ಬಾರಿಗೆ ಸಾವಿರಾರು ಟನ್ ತುಂಬಿದರೆ ಮಾತ್ರ ಬಾಡಿಗೆ ಗಿಟ್ಟುವ ಈ ವ್ಯವಸ್ಥೆಗೆ ಬೇಕಾದದ್ದು ರಾಶಿ. ರಾಶಿಯೊಳಗೆ ಒಬ್ಬನ ಮರ ಇನ್ನೊಬ್ಬನ ಮರದಿಂದ ಬೇರೆಯಾಗಿ ಕಾಣುವಂತಿಲ್ಲ.

ವಿಯೆಟ್ನಾಂ ಸರ್ಕಾರಕ್ಕೆ ಇದು ತಿಳಿಯದೆ ಇಲ್ಲ. ಪೀಠೋಪಕರಣ ರಫ್ತಿನಲ್ಲಿ ಮುಂಚೂಣಿಯಲ್ಲಿರುವ ಆ ದೇಶ ಅದಕ್ಕೆ ಬೇಕಾದ ಮರದಲ್ಲಿ ಒಂದಷ್ಟನ್ನು ಹೊರಗಿನಿಂದ ಕೊಳ್ಳುತ್ತದೆ, ತನ್ನ ಮರದ ದೊಡ್ಡ ಪಾಲನ್ನು ಚಕ್ಕೆ ಮಾಡಿ ಕಳಿಸುತ್ತದೆ. ಹತ್ತು ಹನ್ನೆರಡು ವರ್ಷ ಬಿಟ್ಟು ಕಡಿಯಿರಿ ಎಂದು ರೈತರಿಗೆ ಹೇಳಿದ್ದಾಯಿತು, 2016ರಲ್ಲಿ ಚಕ್ಕೆಯ ರಫ್ತಿಗೆ ಶೇಕಡಾ 2ರ ಸುಂಕವನ್ನೂ ಹಾಕಿದ್ದಾಯಿತು. ಸುಂಕದ ಭಾರವನ್ನು ಯಾರು ಹೊರುತ್ತಾರೆ ಎನ್ನುವುದು ಸರಳ ಪ್ರಶ್ನೆ. ಖರೀದಿದಾರನಿಗೆ ಬೇರೆ ದೇಶಗಳಿವೆ, ಗಿರಣಿಗೆ ದಿಮ್ಮಿಯ ದರ ಇಳಿಸುವ ದಾರಿಯಿದೆ, ರೈತನಿಗೆ ಮುಂದಕ್ಕೆ ದಾಟಿಸಲು ಯಾರೂ ಇಲ್ಲ. ಇನ್ನು ಕಾಯುವ ಮಾತು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಉತ್ತರದ ಕ್ವಾಂಗ್ ನಿನ್ ಪ್ರಾಂತ್ಯ ಒಂದರಲ್ಲೇ ಲಕ್ಷ ಹೆಕ್ಟೇರಿಗೂ ಹೆಚ್ಚು ಅರಣ್ಯ ಮತ್ತು ತೋಪನ್ನು ಮಲಗಿಸಿತು. ಎತ್ತರ ಬೆಳೆದಷ್ಟೂ ಗಾಳಿಗೆ ಸಿಕ್ಕುವ ಮರ ಇದು. ಮ್ಯಾಂಜಿಯಂಗೆ ವಯಸ್ಸಾದಂತೆ ತಿರುಳು ಕೊಳೆಯುವ ಪೀಡೆ ಬೇರೆ. ಸುಮಾತ್ರಾದ ಅಕೇಶಿಯಾ ತೋಪುಗಳನ್ನು ಹಾಳುಗೆಡವಿದ ಸೆರಟೋಸಿಸ್ಟಿಸ್ ಶಿಲೀಂಧ್ರ ವಿಯೆಟ್ನಾಮಿಗೂ ಬಂದಿದೆ. ಒಂದೂವರೆ ಹೆಕ್ಟೇರಿನ ಯಜಮಾನ ಮಗಳ ಮದುವೆಗೋ ಸಾಲದ ಕಂತಿಗೋ ಐದನೇ ವರ್ಷ ಮರ ಕಡಿದರೆ ಅವನದು ಲೆಕ್ಕ ತಪ್ಪಿದ ನಡೆ ಎನ್ನಲಾಗದು.

ಚಕ್ಕೆಯನ್ನು ಯಾಕೆ ಕಳಿಸಬೇಕು, ಅದನ್ನು ಬೇಯಿಸಿ ತೆಗೆದ ನಾರಿನ ಮುದ್ದೆಯನ್ನೇ, ಅಂದರೆ ಪಲ್ಪನ್ನೇ ಮಾಡಿ ಕಳಿಸಬಹುದಲ್ಲ ಎನ್ನುವವರಿದ್ದಾರೆ. ಈ ಆಕ್ಷೇಪ ಅವರು ಅಂದುಕೊಂಡದ್ದಕ್ಕಿಂತಲೂ ಬಲವಾದದ್ದು. ಒಂದು ಟನ್ ಬಿಳಿ ಪಲ್ಪಿಗೆ ಸುಮಾರು ಎರಡು ಟನ್ ಒಣಚಕ್ಕೆ ಬೇಕು. ಕರಗಿಹೋದ ಇನ್ನರ್ಧ ವ್ಯರ್ಥವಲ್ಲ, ಕಾರ್ಖಾನೆ ಅದನ್ನು ಉರಿಸಿ ಉಗಿ ಮತ್ತು ವಿದ್ಯುತ್ತು ಮಾಡಿಕೊಳ್ಳುತ್ತದೆ. ಚಕ್ಕೆ ಕಳಿಸುವ ದೇಶ ನಾರಿನ ಜೊತೆಗೆ ಉರುವಲನ್ನೂ ಕಳಿಸಿಕೊಡುತ್ತದೆ. ಆದರೆ ಪಲ್ಪ್ ಕಾರ್ಖಾನೆಗೆ ಬೇಕಾಗುವ ಬಂಡವಾಳ ಚಕ್ಕೆ ಗಿರಣಿಯದ್ದರ ಎಷ್ಟೋ ಪಟ್ಟು. ಅದಕ್ಕೊಂದು ನದಿಯೂ ಬೇಕು. ತುಂಗಭದ್ರೆಯ ದಡದ ಹರಿಹರದಲ್ಲಿ, ಕಾಳಿಯ ದಡದ ದಾಂಡೇಲಿಯಲ್ಲಿ ಬದುಕಿದವರಿಗೆ ಕಾರ್ಖಾನೆಯ ನೀರಿನ ಮಾತು ಪಾಠಪುಸ್ತಕದ ವಿಷಯವಲ್ಲ. ಅಲ್ಲದೆ ಮನೆ ಮುಂದೆಯೇ ಪಲ್ಪ್ ಕಾರ್ಖಾನೆ ಬಂದರೂ ಅದು ಮರವನ್ನು ಕೊಳ್ಳುವುದು ತೂಕಕ್ಕೇ. ದೇಶಕ್ಕೆ ಲಾಭ ಹೆಚ್ಚಬಹುದು, ಗುಡ್ಡದವನ ಕಟಾವಿನ ವರ್ಷ ಬದಲಾಗದು.

ಪರಿಸರದ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. 1990ರ ದಶಕದ ಆರಂಭದಲ್ಲಿ ಸುಮಾರು ಶೇಕಡಾ 28ಕ್ಕೆ ಕುಸಿದಿದ್ದ ವಿಯೆಟ್ನಾಮಿನ ಅರಣ್ಯ ವ್ಯಾಪ್ತಿ ಈಗ 42ರಷ್ಟಿದೆ. ಆ ಏರಿಕೆಯಲ್ಲಿ ತೋಪಿನ ಪಾಲೂ ದೊಡ್ಡದು. ಐದಾರು ವರ್ಷಕ್ಕೊಮ್ಮೆ ಬೋಳಾಗಿ, ಮಳೆಗಾಲದಲ್ಲಿ ಕೆಮ್ಮಣ್ಣು ಹರಿಸುವ ಇಳಿಜಾರನ್ನು ಕಾಡೆಂದು ಕರೆಯಲು ನನಗೆ ಮನಸ್ಸಿಲ್ಲ. ಇಂಥ ತೋಪಿಗೆ ನಿಷೇಧದ ಮದ್ದೂ ಉಂಟು: ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ನಿಷೇಧ ಮರದ ಜಾತಿಯನ್ನು ಬದಲಿಸುತ್ತದೆ, ತೂಕದ ದರವನ್ನು ಮುಟ್ಟುವುದಿಲ್ಲ.

ದರವನ್ನು ಮುಟ್ಟಿದ ಪ್ರಯತ್ನವೊಂದು ನಡು ವಿಯೆಟ್ನಾಮಿನ ಕ್ವಾಂಗ್ ಚೀ ಪ್ರಾಂತ್ಯದಲ್ಲಿ ನಡೆದಿದೆ. ಅಲ್ಲಿನ ಸಣ್ಣ ಬೆಳೆಗಾರರು ಗುಂಪು ಕಟ್ಟಿಕೊಂಡು 2010ರಲ್ಲಿ ಜವಾಬ್ದಾರಿಯುತ ಅರಣ್ಯ ನಿರ್ವಹಣೆಗೆ ಕೊಡುವ ಎಫ್‌ಎಸ್‌ಸಿ ಪ್ರಮಾಣಪತ್ರ ಪಡೆದರು. ಪ್ರಮಾಣಿತ ನಾಟಾ ಬೇಕೆನ್ನುವ ಪೀಠೋಪಕರಣ ಕಂಪನಿಗಳು ದಪ್ಪ ದಿಮ್ಮಿಗೆ ಹೆಚ್ಚಿನ ದರ ಕೊಟ್ಟದ್ದರಿಂದ ಹತ್ತು ವರ್ಷ ಕಾಯುವುದಕ್ಕೆ ಒಂದು ಅರ್ಥ ಬಂತು. ಚಂಡಮಾರುತದ ಭಯಕ್ಕೆ ಪ್ರಮಾಣಪತ್ರ ಮದ್ದಲ್ಲ. ಅದಕ್ಕೆ ವಿಮೆ ಬೇಕು, ನಡುವಿನ ವರ್ಷಗಳನ್ನು ದಾಟಿಸುವ ಸಾಲ ಬೇಕು. ಚಕ್ಕೆಯ ಗಿರಣಿಯೂ ಬೇಕೇ ಬೇಕು. ನಾಟಾಕ್ಕೆಂದು ಬೆಳೆಸುವ ತೋಪಿನಲ್ಲಿ ಮೂರು ನಾಲ್ಕನೇ ವರ್ಷ ಒತ್ತಾದ ಮರಗಳನ್ನು ತೆಗೆದು ಉಳಿದವಕ್ಕೆ ಜಾಗ ಮಾಡಬೇಕು. ಆ ಎಳೆಮರಗಳನ್ನೂ, ಕೊನೆಯ ಕಟಾವಿನಲ್ಲಿ ಉಳಿಯುವ ತುದಿ, ಸೊಟ್ಟ ತುಂಡುಗಳನ್ನೂ ಮುಖ್ಯವಾಗಿ ಕೊಳ್ಳುವುದು ಅದೇ ಗಿರಣಿ. ಹತ್ತನೇ ವರ್ಷವೂ ಆ ಗುಡ್ಡದಿಂದ ಎರಡು ಲಾರಿ ಇಳಿಯುತ್ತವೆ, ಅದರಲ್ಲಿ ಒಂದು ಹೋಗುವುದು ಚಕ್ಕೆಯ ರಾಶಿಗೇ.